ಮೂರನೆಯ ಕರೆಗೆ ಓಗೊಡುವ ಅಣ್ಣ

ನಮ್ಮಣ್ಣನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಂಕೋಚದಿಂದಲ್ಲ, ಆ ಹೆಸರು ಸದ್ಯ ಅವನ ಹತ್ತಿರ ಇಲ್ಲ. ಎರಡು ವರ್ಷದ ಹಿಂದೆ ಒಬ್ಬರಿಗೆ ಕೊಟ್ಟುಬಿಟ್ಟ. ಕೊಡೆಯನ್ನೋ ಕನ್ನಡಕವನ್ನೋ ಯಾರಿಗಾದರೂ ಕೊಟ್ಟು ಬಂದವರನ್ನು ನೀವು ಕಂಡಿರಬಹುದು. ಎಪ್ಪತ್ತೇಳು ವರ್ಷ ಬಳಸಿದ ಹೆಸರನ್ನು, ತಂದೆಯ ಹೆಸರು ಮತ್ತು ಊರಿನ ಸಮೇತ, ಗುರುತಿಲ್ಲದ ಮನುಷ್ಯನಿಗೆ ಒಪ್ಪಿಸಿ, ಮನೆಗೆ ಬಂದು ನಿಶ್ಚಿಂತೆಯಿಂದ ಅವಲಕ್ಕಿ ತಿಂದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವಲಕ್ಕಿ ಹಚ್ಚಿ ಕೊಟ್ಟವಳು ನಾನೇ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಪುಣೆಯ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ನಾನು ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದೆ. ಬೆಳಿಗ್ಗೆ ಐದೂವರೆಗೆ ಗಂಟೆ, ಸಂಜೆ ಏಳಕ್ಕೆ ಬಾಗಿಲು ಬಂದ್. ಹಾಜರಿ ಕರೆದಾಗ ಮೊದಲ ಸಲಕ್ಕೇ ಓಗೊಡದವಳಿಗೆ ಮರುದಿನದ ಉಪ್ಪಿಟ್ಟು ಇಲ್ಲ. ಸುಳ್ಳು ಹೇಳಿದವಳಿಗೆ ಒಂದು ತಿಂಗಳು ಹೊರಗೆ ಹೋಗುವ ಅಪ್ಪಣೆ ಇಲ್ಲ. ಮಕ್ಕಳಿಗೆ ಹಾಕಿದ ನಿಯಮವನ್ನು ನಾನೂ ಪಾಲಿಸಿದೆ. ಹಾಲಿನವನಿಗೆ ಸಹ ನಾನು ಸುಳ್ಳು ಹೇಳಿದವಳಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅಣ್ಣ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದು ನೆಲೆಸಿದ. ಮದುವೆ ಮಾಡಿಕೊಂಡವನಲ್ಲ. ರಾಂಜಣಗಾಂವದ ಕಾರ್ಖಾನೆಯೊಂದರ ಗೇಟಿನಲ್ಲಿ ಕೆಲಸಗಾರರ ಹೆಸರು ಕೂಗಿ ಒಳಗೆ ಬಿಡುವುದು ಅವನ ನೌಕರಿಯಾಗಿತ್ತು. ಇತರರ ಹೆಸರನ್ನು ಒಂದೇ ಸಲ ಕೂಗುತ್ತಿದ್ದವನು, ತನ್ನ ಹೆಸರನ್ನು ಯಾರಾದರೂ ಮೂರು ಸಲ ಕೂಗದೆ ಓಗೊಡುತ್ತಿರಲಿಲ್ಲ!

"ಮೊದಲ್ನೇ ಸಲ ಯಾರರೆ ಕರೀಬಹುದು. ಎರಡ್ನೇ ಸಲನೂ ಕರೀಬಹುದು. ಮೂರ್ನೇ ಸಲ ಕರಿಯೋರು ಮನಷ್ಯಾರ ಅಷ್ಟ," ಎಂಬುದು ಅವನ ವಾದ.

"ಹನ್ನೆರಡೂವರೆಗೆ ಅನ್ನ ಬಡಸಿ ಕರಿಯೋಳು ನಾನs ಅಲ್ಲೇನು? ಬ್ಯಾರೆ ಯಾರ್ ಬಂದು ಕರೀತಾರ ನಿನ್ನ?"

"ಅದು ಬಂದ್ರ ನಿನ್ನ ಧ್ವನಿಯೊಳಗನs ಬರ್ತದವಾ. ಗೊತ್ತಿಲ್ಲದವರ ಧ್ವನಿಯೊಳಗ ಬಂದ್ರ ಯಾರ್ ಹೋಗ್ತಾರ?"

ಅನ್ನ ಆರಿತು.

ಒಮ್ಮೆ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಇವನೊಬ್ಬನೇ. ನಮ್ಮ ಕಟ್ಟಡದ ಕಾವಲುಗಾರ ದಗಡೂ, ಭೋರ್ ಕಡೆಯವನು, ಓಡಿ ಬಂದು "ಕಾಕಾ!" ಎಂದು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಉತ್ತರವಿಲ್ಲ. ಮುದುಕನ ಕತೆ ಮುಗಿಯಿತೆಂದು ಹೆದರಿ ಮೆಕ್ಯಾನಿಕ್ಕನ್ನೂ ಡಾಕ್ಟರನ್ನೂ ಕರೆತರಲು ಓಡಿಹೋದ. ಮುಕ್ಕಾಲು ಗಂಟೆಯ ನಂತರ ಬಾಗಿಲು ತೆರೆದಾಗ ಅಣ್ಣ ಕತ್ತಲಲ್ಲಿ ಸಂಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ಎರಡs ಸಲ ಕರದು ಹೋದಾಂವ ಯಾರು? ಖರೇನ ದಗಡೂನ?" ಎಂದು ಕೇಳಿದ. ದಗಡೂ ಆಮೇಲೆ ಎಂಟು ದಿನ ಅವನ ಕಣ್ಣು ತಪ್ಪಿಸಿ ಓಡಾಡಿದ.

ದಗಡೂ ಎಂದರೆ ಕಲ್ಲು. ಆ ಹೆಸರೆಂದರೆ ಅಣ್ಣನಿಗೆ ಬಲು ಗೌರವ. ಗಂಡಸರ ಹೆಸರುಗಳ ಅರ್ಥ ಹುಡುಕುವುದು ಅವನ ಹುಚ್ಚು. ಅದರಲ್ಲೂ ಕೆಟ್ಟ ಹೆಸರುಗಳೆಂದರೆ ಪ್ರಾಣ. ಪಾರ್ಸೆಲ್ ತಂದವನನ್ನೂ ನಲ್ಲಿ ರಿಪೇರಿಗೆ ಬಂದವನನ್ನೂ ಮೊದಲು ಹೆಸರು, ಆಮೇಲೆ ಅರ್ಥ, ಆಮೇಲೆ "ನಿನಗಿಂತ ಮೊದಲ ಎಷ್ಟ್ ಮಂದಿ ಹುಟ್ಟಿದ್ರು?" ಎಂದು ವಿಚಾರಿಸುತ್ತಿದ್ದ. ಈ ಮೂರನೆಯ ಪ್ರಶ್ನೆಗೆ ಜನ ಗಾಬರಿಯಾಗುತ್ತಿದ್ದರು. ಕಾರ್ಖಾನೆಯಲ್ಲಿ ಬಿಹಾರದ ಫೇಕೂ ಎಂಬವನಿದ್ದನಂತೆ, ಬಿಸಾಕಿದವನು ಎಂದರ್ಥ. ನಮ್ಮ ಹಿಂದಿನ ಕಟ್ಟಡಕ್ಕೆ ಇಟ್ಟಿಗೆ ಹೊರುವ ತೆಲಂಗಾಣದ ಪೆಂಟಯ್ಯ ಗೊಬ್ಬರದ ಗುಂಡಿಯ ಹೆಸರಿನವನು. ಮರಾಠಿಯವರಲ್ಲಿ ಕಚರೂ ಇದ್ದಾನೆ, ಕಸ. ಇವರೆಲ್ಲರಿಗಿಂತ ಮೊದಲು ಹುಟ್ಟಿದವರು ಉಳಿದಿರಲಿಲ್ಲ. ಇವರು ಉಳಿದಿದ್ದರು.

ಕೆಳಗಿನ ಮನೆಯಲ್ಲಿ ಓದಲು ಬಂದ ಪರದೇಶದ ಹುಡುಗರು ಬಾಡಿಗೆಗಿದ್ದರು. ಒಬ್ಬ ಮಂಗೋಲಿಯಾದವನು, ಹೆಸರು ನೆರ್‌ಗುಯ್. ಹಾಗೆಂದರೆ 'ಹೆಸರಿಲ್ಲ' ಎಂದೇ ಅರ್ಥವಂತೆ. ಅವರ ಕಡೆ 'ಮನುಷ್ಯನಲ್ಲ' ಎಂದೂ 'ಇವನಲ್ಲ' ಎಂದೂ ಮಕ್ಕಳಿಗೆ ಹೆಸರಿಡುತ್ತಾರಂತೆ. ಇನ್ನೊಬ್ಬ ನೈಜೀರಿಯಾದವನು, ದುರೊಜಾಯೆ: 'ಇರು, ಬದುಕನ್ನು ಉಂಡು ಹೋಗು'. ಆ ದಿನ ಅಣ್ಣ ಮೆಟ್ಟಿಲು ಹತ್ತಿ ಬಂದವನು ಏದುಸಿರು ಬಿಡುತ್ತ ನನ್ನ ಮುಂದೆ ಕೂತ.

"ತಂಗೀ, ಈ ಅವ್ವಂದಿರು ಒಬ್ಬರಿಗೊಬ್ಬರು ಭೆಟ್ಟಿಯಾದವರಲ್ಲ. ಭಾಷಾ ಗೊತ್ತಿಲ್ಲ, ದೇಶ ಗೊತ್ತಿಲ್ಲ. ಆದ್ರ ಎಲ್ಲಾರೂ ಕೂಡಿ ಒಂದs ಸುಳ್ಳು ಹೇಳ್ಯಾರ. ಬಾಗಲಕ್ಕ ಬಂದಾವಗ, ಇಲ್ಲಿ ಅಂಥವ್ರು ಯಾರೂ ಇಲ್ಲಪಾ, ಹೋಗು, ಅಂತ."

"ಸುಳ್ಳು ಸುಳ್ಳs. ನನ್ನ ಹಾಸ್ಟೆಲಿನ್ಯಾಗ ಆಗಿದ್ರ ಅವರನ್ನೂ ಒಂದ್ ತಿಂಗಳು ಹೊರಗ ಬಿಡ್ತಿದ್ದಿಲ್ಲ," ಎಂದೆ.

"ಬಂದಾವ ನಿನ್ನಂಥಾಕಿನ್ನ ಹುಡುಕ್ಕೋತನ ಬಂದಿರ್ತಾನ," ಎಂದ. "ನೀ ಖರೇ ಹೇಳ್ತಿ. ಅಂವಾ ಬರ್ಕೊಂಡು ಹೋಗ್ತಾನ."

ದೊಡ್ಡ ಹೆಸರುಗಳೆಂದರೆ ಅವನಿಗೆ ಭಯ. ಎದುರು ಮನೆಯ ಅಮರ ಎಂಬ ಹಿರಿಯರನ್ನು ಕಂಡಾಗಲೆಲ್ಲ "ಹೆಸರು ಬದಲಿ ಮಾಡ್ಕೋರಿ" ಎಂದು ಪೀಡಿಸುತ್ತಿದ್ದ. ಅವರು ಒಂದು ದಿನ ತೀರಿಕೊಂಡರು. ಅಣ್ಣ ನನ್ನ ಕಡೆ ಅರ್ಥಗರ್ಭಿತವಾಗಿ ನೋಡಿದ. "ಅವರಿಗೆ ತೊಂಬತ್ತೊಂದಾಗಿತ್ತು," ಎಂದೆ. "ಅಮರಗ ಅದೇನ್ ವಯಸ್ಸ?" ಎಂದ.

ಅವನ ಹುಚ್ಚಿಗೆ ಕಾರಣವಿದೆ. ವಿಜಯಪುರದ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮವ್ವನಿಗೆ ಅವನಿಗಿಂತ ಮೊದಲು ಮೂರು ಗಂಡು ಹುಟ್ಟಿದ್ದವು. ಒಬ್ಬನಿಗೆ ದೇವರ ಹೆಸರು, ಒಬ್ಬನಿಗೆ ರಾಜನ ಹೆಸರು, ಒಬ್ಬನಿಗೆ ಮುತ್ತಜ್ಜನ ಹೆಸರು. ಹೆಸರಿಟ್ಟ ತಿಂಗಳೊಳಗೆ ಮೂವರೂ ಹೋದರು. ನಾಲ್ಕನೆಯವನು ಹುಟ್ಟಿದ ದಿನ ಅವ್ವ ಕೂಸನ್ನು ಮೊರದಲ್ಲಿಟ್ಟು ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದಳಂತೆ, ಹಿಂತಿರುಗಿ ನೋಡದೆ. ಪಕ್ಕದ ಮನೆಯಾಕೆ ಅದನ್ನೆತ್ತಿಕೊಂಡು ಮುಂಬಾಗಿಲಿಗೆ ಬಂದು, "ತಿಪ್ಪಿ ಮ್ಯಾಲ ಬಿದ್ದಿತ್ತು ನೋಡವಾ, ಸಾಕತೀಯೇನು?" ಎಂದು ಕೇಳಿದಳಂತೆ. "ಯಾರದೋ ಏನೋ, ಇರ್ಲಿ ಬಿಡು," ಎಂದು ಅವ್ವ ಬೇಸರದ ಮುಖ ಮಾಡಿ ತೆಗೆದುಕೊಂಡಳಂತೆ. ಹೆಸರೂ ಅದಕ್ಕೆ ತಕ್ಕದ್ದೇ. ನೀವು ಕನ್ನಡದವರು, ಊಹಿಸಿಕೊಳ್ಳುತ್ತೀರಿ. ಊಹಿಸಿದರೂ ಗಟ್ಟಿಯಾಗಿ ಹೇಳಬೇಡಿ.

ಈಗ ಎರಡು ವರ್ಷದ ಹಿಂದಿನ ಮಾತಿಗೆ ಬರುತ್ತೇನೆ. ನನ್ನ ಮಗಳು ಬಾಣಂತನಕ್ಕೆಂದು ಬಂದಿದ್ದಳು. ಏಳು ತಿಂಗಳಿಗೇ ಹೆರಿಗೆಯಾಯಿತು. ಗಂಡು, ತೂಕ ಒಂದು ಕಿಲೋ ಮತ್ತು ಒಂದಿಷ್ಟು. ಕೂಸನ್ನು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ನನ್ನ ಅಳಿಯ ಇದೇ ಕೊಂಢವಾದಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಹೆಸರನ್ನು ಆರು ತಿಂಗಳ ಮೊದಲೇ ಆರಿಸಿಟ್ಟಿದ್ದ. ಅದರ ಅರ್ಥ ಜಗತ್ತನ್ನೇ ಗೆದ್ದವನು. ಗಾಜಿನ ಮೇಲೆ ಆ ಹೆಸರಿನ ಚೀಟಿ ಅಂಟಿಸುತ್ತೇನೆಂದು ಹೊರಟ.

ಅಣ್ಣ ಬಾಗಿಲಿಗೆ ಅಡ್ಡ ನಿಂತ. "ಅಳಿಯಂದಿರs, ಕೈ ಮುಗೀತೀನಿ. ಮನಿಗೆ ಬರೂತನಕ ಆ ಹೆಸರು ತುಟಿ ಮ್ಯಾಲ ತರಬ್ಯಾಡ್ರಿ."

"ಏನ್ರಿ ಮಾಮಾ, ಕೂಸು ಅಂತ ಎಷ್ಟ್ ದಿನಾ ಅನ್ನೂದ್ರಿ?"

"ದವಾಖಾನಿಯವ್ರು ಏನ್ ಬರದಾರ ನೋಡ್ರಿ."

ಕೂಸಿನ ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ತಾಯಿಯ ಹೆಸರು ಬರೆದು, ಅವಳ ಕೂಸು ಎಂದಷ್ಟೇ ಬರೆದಿದ್ದರು. ಅಲ್ಲಿ ಪೆಟ್ಟಿಗೆಯಲ್ಲಿದ್ದ ಹನ್ನೊಂದು ಕೂಸುಗಳಿಗೂ ಹೆಸರಿರಲಿಲ್ಲ. ಅಣ್ಣನಿಗೆ ಆದ ಸಂತೋಷ ಹೇಳತೀರದು. "ಭಾಳ ಶಾಣ್ಯಾ ದವಾಖಾನಿ," ಎಂದು ನರ್ಸುಗಳಿಗೆಲ್ಲ ಹೇಳಿ ಬಂದ.

ಅಂದಿನಿಂದ ಪ್ರತಿದಿನ ಮಧ್ಯಾಹ್ನ ಆ ಮಹಡಿಯ ಬೆಂಚಿನ ಮೇಲೆ ಕಾವಲು ಕೂತ. ಭೇಟಿಯ ಸಮಯ ನಾಲ್ಕರಿಂದ ಐದು. ನಾನು ಮೂರು ಐವತ್ತಕ್ಕೆ ಅಲ್ಲಿರುತ್ತಿದ್ದೆ. ಇಪ್ಪತ್ತೆರಡನೆಯ ದಿನ ಕೂಸಿಗೆ ಸೋಂಕು ತಗುಲಿತು. ಔಷಧಿ ನಾಟುತ್ತಿಲ್ಲ, ನಾಳೆಯ ಹೊತ್ತಿಗೆ ಒಂದು ತೀರ್ಮಾನವಾಗುತ್ತದೆ ಎಂದು ಡಾಕ್ಟರು ಹೇಳಿ ಹೋದರು. ಮಗಳು ಗಾಜಿಗೆ ಹಣೆ ಹಚ್ಚಿ ಒಳಗೆ ನಿಂತಿದ್ದಳು. ಹೊರಗೆ ನಾವಿಬ್ಬರೇ ಕೂತಿದ್ದೆವು. ಗಡಿಯಾರ ನೋಡಿದೆ: ನಾಲ್ಕು ಹತ್ತು.

ಕಾರಿಡಾರಿನ ತುದಿಯಿಂದ ಒಬ್ಬ ಮನುಷ್ಯ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಉದ್ದನೆಯ ಪುಸ್ತಕ. ಆ ಮಹಡಿಗೆ ಯಾರೂ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ. ಇವನ ಕಾಲಲ್ಲಿ ಬೂಟಿದ್ದವು. ವಾರ್ಡನ್ ಕಣ್ಣು, ಮೊದಲು ಬಿದ್ದದ್ದೇ ಅಲ್ಲಿ. ಬೂಟಿನ ಸಪ್ಪಳ ಮಾತ್ರ ಇರಲಿಲ್ಲ. ನಮ್ಮ ಮುಂದೆ ನಿಂತು ಪುಸ್ತಕ ತೆರೆದ. ಪುಟದ ತುಂಬ ಹೆಸರುಗಳು. ಕೆಳಗೆ ಒಂದೇ ಸಾಲು ಖಾಲಿ.

"ಕೂಸಿನ ಹೆಸರೇನ್ರಿ?"

ನಮ್ಮೂರ ಕಡೆಯ ಕನ್ನಡ. ಎಲ್ಲರೂ ಮರಾಠಿ ಮಾತಾಡುವ ಜಾಗ ಅದು. ನಾವು ಬೆಂಚಿನ ಮೇಲೆ ಕೂತಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಇವನಿಗೆ ಹೇಗೆ ಗೊತ್ತಾಯಿತು?

ಇದೆಲ್ಲ ಆಮೇಲೆ ಹೊಳೆದದ್ದು. ಆ ಕ್ಷಣಕ್ಕೆ, ಪುಸ್ತಕ ಹಿಡಿದವರು ಕೇಳಿದರೆ ಸರಿಯಾದ ಉತ್ತರ ಕೊಡಬೇಕೆಂಬ ಮೂವತ್ತೊಂದು ವರ್ಷದ ಅಭ್ಯಾಸಕ್ಕೆ ಬಾಯಿ ತೆರೆದೆ. ಜಗತ್ತನ್ನು ಗೆದ್ದವನ ಮೊದಲ ಅಕ್ಷರ ನಾಲಿಗೆಯ ಮೇಲಿತ್ತು.

ಅಣ್ಣ ಎದ್ದು ನಿಂತ. ಒಂದೇ ಕರೆಗೆ. ಕೈ ಮುಗಿದು ತನ್ನ ಹೆಸರು ಹೇಳಿದ. ತಂದೆಯ ಹೆಸರು ಹೇಳಿದ. ಊರು, ತಾಲೂಕು ಹೇಳಿದ. ಗೇಟಿನಲ್ಲಿ ಕೂಗುತ್ತಿದ್ದಷ್ಟೇ ಸ್ಪಷ್ಟವಾಗಿ.

ಆ ಮನುಷ್ಯ ಅಣ್ಣನ ಬಿಳಿ ತಲೆಯನ್ನೊಮ್ಮೆ ನೋಡಿದ. ಗಾಜಿನ ಕಡೆ ಒಮ್ಮೆ ನೋಡಿದ. ಅವಸರವಿಲ್ಲದೆ ಬರೆದುಕೊಂಡ. "ಬರ್ತೀನ್ರಿ," ಎಂದು ಹೊರಟುಹೋದ.

ಅಣ್ಣ ಬೆಂಚಿಗೆ ಒರಗಿದ. ಕೊರಳೆಲ್ಲ ಬೆವೆತಿತ್ತು. "ಚಹಾ ಕುಡಸ್ತೀಯೇನವಾ?" ಎಂದ. ನಾನು ಕೆಳಗೆ ಹೋದವಳು ವಿಚಾರಿಸಿದೆ. ಜನನ ನೋಂದಣಿ ನೋಡಿಕೊಳ್ಳುವವರು ಒಬ್ಬ ಹೆಂಗಸು. ಮಂಡಿನೋವು, ಮೇಲೆ ಹತ್ತುವುದೇ ಇಲ್ಲ. ವಿಮೆಯವರು ಯಾರೋ ಇರಬೇಕು, ಎಂಥೆಂಥವರೋ ಬರುತ್ತಾರೆ ಎಂದು ನರ್ಸು ಹೇಳಿದಳು. ಇದ್ದರೂ ಇರಬಹುದು. ಮರುದಿನ ಬೆಳಿಗ್ಗೆ ಕೂಸಿನ ಜ್ವರ ಇಳಿದಿತ್ತು. ಔಷಧಿ ತಡವಾಗಿ ನಾಟಿತು ಎಂದರು ಡಾಕ್ಟರು. ಅದೂ ಇರಬಹುದು.

ಎರಡು ತಿಂಗಳಿಗೆ ಕೂಸು ಮನೆಗೆ ಬಂದು ತೊಟ್ಟಿಲೇರಿತು, ಜಗತ್ತನ್ನು ಗೆದ್ದಿತು. ಅಣ್ಣ ಮಾತ್ರ ಹೆಸರಿಲ್ಲದವನಾದ. ಬಾಗಿಲ ಮೇಲಿನ ಫಲಕದಿಂದ ತನ್ನ ಹೆಸರನ್ನು ಚಾಕುವಿನಿಂದ ಕೆರೆದು ತೆಗೆದ. "ಕೊಟ್ಟಾಗೇದ, ಇನ್ನ ನಂದಲ್ಲ," ಎಂದ. ಪಿಂಚಣಿಗೆ ಬದುಕಿರುವ ದಾಖಲೆ ಕೊಡಲು ಬ್ಯಾಂಕಿಗೆ ಹೋದಾಗ ಗುಮಾಸ್ತೆ ಹೆಸರು ಕೇಳಿದಳು. ಇವನು ಬಾಯಿ ಬಿಡದೆ ಕಾಗದದ ಕಡೆ ಬೆರಳು ತೋರಿಸಿದ. ಅವಳು ಮತ್ತೆ ಮತ್ತೆ ಕೇಳಿದಳು. ಇವನು ಮತ್ತೆ ಮತ್ತೆ ತೋರಿಸಿದ. ಹೊರಗೆ ಬಂದ ಮೇಲೆ ನನಗೆ ಹೇಳಿದ, "ಹೆಸರು ಹೇಳಿದ್ರ ಜೀವಂತ ಅದೀನಿ ಅಂತ ಬರ್ಕೋತಾಳಂತ. ಹುಚ್ಚಿ. ಹೇಳಲಾರದ್ದಕ್ಕನ ಅದೀನಿ."

ನಾನು ನಕ್ಕೆ. ಆದರೂ ಅಂದಿನಿಂದ ದಿನಾ ಮಧ್ಯಾಹ್ನ ನಾಲ್ಕು ಹತ್ತಕ್ಕೆ ಗಡಿಯಾರ ನೋಡುವುದು ನನ್ನ ದಿನಚರಿಗೆ ಸೇರಿತು. ಯಾಕೆಂದು ನನ್ನನ್ನು ಕೇಳಬೇಡಿ.

ಕಳೆದ ಮಂಗಳವಾರ ನಾನು ಒಣಗಿದ ಬಟ್ಟೆ ಮಡಿಚುತ್ತಿದ್ದೆ. ಮಗಳು ಮಗುವನ್ನು ನಮ್ಮಲ್ಲಿ ಬಿಟ್ಟು ಅಂಗಡಿಗೆ ಹೋಗಿದ್ದಳು. ಅಣ್ಣ ಅಡಿಗೆಮನೆಯಲ್ಲಿ ಅದಕ್ಕೆ ಬಾಳೆಹಣ್ಣು ತಿನ್ನಿಸುತ್ತಿದ್ದ. ಬೆಲ್ ಬಾರಿಸಲಿಲ್ಲ. ಬಾಗಿಲಾಚೆಯಿಂದ ಯಾರೋ ಕರೆದರು. ಅಣ್ಣನ ಹೆಸರು, ಅಪ್ಪನ ಹೆಸರು, ಊರು, ತಾಲೂಕು. ಆ ಪಟ್ಟಿ ಅದೇ ಕ್ರಮದಲ್ಲಿ.

ಗಡಿಯಾರ ನೋಡಬೇಕಾಗಿರಲಿಲ್ಲ.

ಒಳಬಾಗಿಲು ತೆರೆದೆ. ಜಾಲರಿಯ ಆಚೆ ಬಿಳಿ ಅಂಗಿ. ಬೆನ್ನಿಗೆ ಬೆಳಕಿದ್ದುದರಿಂದ ಮುಖ ಕಾಣಲಿಲ್ಲ. "ಅದಾರೇನ್ರಿ?" ಎಂದು ಕೇಳಿದ.

"ಆ ಹೆಸರಿನವರು ಇಲ್ಲಿ ಯಾರೂ ಇಲ್ರಿ," ಎಂದೆ.

ಎಪ್ಪತ್ತೊಂದನೆಯ ವಯಸ್ಸಿಗೆ ಹೇಳಿದ ಮೊದಲ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಅವನು ಎರಡನೆಯ ಸಲ ಕರೆಯಲಿಲ್ಲ. ಮೆಟ್ಟಿಲಿಳಿದು ಹೋದ, ಸಪ್ಪಳ ಕೇಳಿಸಿತೇ ಇಲ್ಲವೇ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಕೊರಿಯರಿನವನೇ ಇರಬಹುದು. ಹಾಗಿದ್ದರೆ ಯಾವುದೋ ಪಾರ್ಸೆಲ್ ವಾಪಸು ಹೋಯಿತು. ಹೋಗಲಿ.

ಬಾಗಿಲು ಹಾಕಿ ತಿರುಗಿದೆ. ಅಣ್ಣ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ, ಕೈಯಲ್ಲಿ ಅರ್ಧ ಬಾಳೆಹಣ್ಣು. ಮಗು ಅವನ ಪಾಯಜಾಮ ಹಿಡಿದು ನಿಂತಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮುಖ ತಿಪ್ಪೆಯ ಮೇಲಿನ ಕೂಸಿನ ಮುಖವೇ. ಯಾರಾದರೂ ಎತ್ತಿಕೊಳ್ಳುತ್ತಾರೋ ಇಲ್ಲವೋ ಎಂದು ಕಾಯುವಂಥದ್ದು.

"ಅಣ್ಣಾ," ಎಂದೆ.

ಎರಡನೆಯ ಸಲಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದೆ.

"ಓ," ಎಂದ.