ಗೊಂಬೆಗಳ ಮುಂದೆ ಜಪಾನಿ ರಾಕ್

ನಾಚಿಕೆಪಡುವಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ ಅಂತ ನಾನು ಹೇಳುತ್ತಿರುತ್ತೇನೆ. ಅವು ಬರುವುದಿಲ್ಲ, ನೀವೇ ಹೋಗಿ ಕಾರಲ್ಲಿ ಕೂರಿಸಿಕೊಂಡು ಬರುತ್ತೀರಿ ಅನ್ನುವುದು ಹೆಂಡತಿಯ ವಾದ. ಐವತ್ತೆರಡು ವರ್ಷದ ಗಂಡಸು, ಪ್ರಿನ್ಸ್‌ಟನ್ ಹತ್ತಿರ ಸಾಫ್ಟ್‌ವೇರ್ ಕೆಲಸ, ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲಿಗೆ ಬಣ್ಣ. ಇಂಥವನಿಗೆ ಜಪಾನಿ ರಾಕ್ ಹಾಡಿನ ಹುಚ್ಚು ಹಿಡಿದರೆ ಏನೇನಾಗಬಹುದೋ ಅದೆಲ್ಲ ಆಗಿದೆ. ಮುಂದೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಅದಕ್ಕಿಂತ ಚೆನ್ನಾಗಿದೆ.

೧. ಅಣಕಿಸಲು ಹೋಗಿ

ಮಗಳು ಹತ್ತನೇ ಕ್ಲಾಸು. ಅವಳನ್ನು ವಯಲಿನ್ ಪಾಠಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲು, ಕಾರಿನಲ್ಲಿ ಹಾಡು ಹಾಕುವುದು ಅವಳ ಪಾಲು. ಅವಳು ಹಾಕಿದ ಹಾಡಿನಲ್ಲಿ ಒಬ್ಬ ಜಪಾನಿ ಹುಡುಗ ಗಂಟಲು ಹರಿಯುವಂತೆ ಕೂಗುತ್ತಿದ್ದ. ನಾನು ಅವನಿಗಿಂತ ಜೋರಾಗಿ ಕೂಗಿ ಅಣಕಿಸುತ್ತಿದ್ದೆ. ಸರಿಯಾಗಿ ಅಣಕಿಸಬೇಕಾದರೆ ಸರಿಯಾಗಿ ಕೇಳಬೇಕಲ್ಲ? ಆಫೀಸಿಗೆ ಹೋಗುವಾಗ ಒಬ್ಬನೇ ಹಾಕಿಕೊಂಡು ಅಭ್ಯಾಸ ಮಾಡಿದೆ. ಅಲ್ಲೇ ಸಿಕ್ಕಿಬಿದ್ದೆ.

ಈ ಹಾಡುಗಳಲ್ಲಿ ಒಂದು ಕಿತಾಪತಿ ಇದೆ. ನೇರವಾಗಿ ಪಲ್ಲವಿಗೆ ಬರುವುದಿಲ್ಲ. ಮೊದಲು ಮೆಲ್ಲಗೆ ಗುನುಗುತ್ತಾರೆ, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿಸುತ್ತಾರೆ, ತುದಿಯಲ್ಲಿ ನಿಲ್ಲಿಸಿ ಅರೆಗಳಿಗೆ ಎಲ್ಲ ವಾದ್ಯ ನಿಲ್ಲಿಸುತ್ತಾರೆ. ನೀವು ಉಸಿರು ಬಿಗಿಹಿಡಿದಾಗ ಹಿಂದಿನಿಂದ ತಳ್ಳಿಬಿಡುತ್ತಾರೆ. ಡ್ರಮ್ಮು, ಗಿಟಾರು, ಗಂಟಲು ಎಲ್ಲ ಒಟ್ಟಿಗೆ. ಕೊನೆಯ ಸಲ ಪಲ್ಲವಿ ಬರುವಾಗ ಶ್ರುತಿಯನ್ನೇ ಏರಿಸುತ್ತಾರೆ. ಇಷ್ಟೆಲ್ಲ ಗದ್ದಲ ತೆಗೆದುಹಾಕಿದರೂ ಒಳಗೆ ಒಂದು ರಾಗ ಗಟ್ಟಿಯಾಗಿ ನಿಂತಿರುತ್ತದೆ. ಮಾತು ಒಂದೂ ಅರ್ಥವಾಗುವುದಿಲ್ಲ, ಅದೂ ಒಂದು ಅನುಕೂಲವೇ. ನಮ್ಮ ನಮ್ಮ ದುಃಖ ತುಂಬಿಕೊಳ್ಳಬಹುದು. ನಾನು ರೂಟ್ ಒನ್ ಟ್ರಾಫಿಕ್ಕಿನ ದುಃಖ ತುಂಬಿಕೊಂಡೆ.

ವರ್ಷದ ಕೊನೆಗೆ ಹಾಡು ಕೇಳುವ ಆಪ್ ಯಾರು ಏನು ಕೇಳಿದರು ಅಂತ ಲೆಕ್ಕ ಒಪ್ಪಿಸಿತು. ಮಗಳು ನನ್ನ ಫೋನು ನೋಡಿ, "ಅಪ್ಪಾ, ಒಂದೇ ಹಾಡು ಮುನ್ನೂರು ಸಲ?" ಅಂದಳು. ಯಾರೋ ಹ್ಯಾಕ್ ಮಾಡಿದ್ದಾರೆ ಅಂದೆ.

"ದಿನಾ ಬೆಳಿಗ್ಗೆ ಎಂಟು ಗಂಟೆಗೆ, ವೀಕೆಂಡ್ ಬಿಟ್ಟು?"

೨. ಕತ್ತು

ಈ ಹಾಡಿಗೆ ತಲೆ ಆಡಿಸದೆ ಕೂರಲು ಆಗುವುದಿಲ್ಲ. ಒಂದು ಬೆಳಿಗ್ಗೆ ಕೆಂಪು ದೀಪದಲ್ಲಿ ನಿಂತಿದ್ದೆ. ವಾದ್ಯವೆಲ್ಲ ನಿಂತು ಮತ್ತೆ ಸಿಡಿಯುವ ಜಾಗ ಬಂತು. ಕಣ್ಣು ಮುಚ್ಚಿ, ಮೈಮೇಲೆ ದೇವರು ಬಂದವನ ಹಾಗೆ ತಲೆ ಕೊಡವಿದೆ. ಕಣ್ಣು ಬಿಟ್ಟರೆ ಪಕ್ಕದ ಕಾರಿನಲ್ಲಿ ನಮ್ಮ ಮ್ಯಾನೇಜರ್. ಆಕೆ ನಗಲಿಲ್ಲ, ಗಾಬರಿಯಾಗಿದ್ದಳು. ಆಫೀಸಿನಲ್ಲಿ ಬಂದು ಎಲ್ಲ ಸರಿಯಿದೆಯಾ ಅಂತ ಕೇಳಿದಳು. ಬಹಳ ದಿನದಿಂದ ಕತ್ತು ನೋವು, ಡಾಕ್ಟರು ವ್ಯಾಯಾಮ ಹೇಳಿದ್ದಾರೆ ಅಂದೆ. ವಾರದೊಳಗೆ ನನ್ನ ಟೇಬಲ್ಲಿಗೆ ಕತ್ತಿಗೆ ಆಸರೆ ಇರುವ ವಿಶೇಷ ಕುರ್ಚಿ ಬಂತು. ನಿಜವಾಗಿ ಕತ್ತು ನೋವಿರುವ ಪಕ್ಕದ ಟೇಬಲ್ಲಿನವನು ದಿನಾ ಬಂದು ಅದನ್ನು ಮುಟ್ಟಿ ನೋಡಿ ಹೋಗುತ್ತಾನೆ.

೩. ಒಂದು ಪ್ರಾಮಿಸ್

ಆ ಮುನ್ನೂರು ಸಲದ ಹಾಡಿನ ಅರ್ಥ ಹೇಳಿದ್ದು ಮಗಳೇ. ಒಬ್ಬ ಹುಡುಗ. ಅವನ ಹುಡುಗಿ ಬಿಟ್ಟು ಹೋಗಿದ್ದಾಳೆ. ಇಬ್ಬರಿಗೆ ಅನ್ನ ಮಾಡುತ್ತಿದ್ದ ರೈಸ್ ಕುಕ್ಕರ್ ಖಾಲಿ ಬಿದ್ದಿದೆ. ಬಾ, ಬಾ ಅಂತ ಕರೆಯುತ್ತಲೇ ಇರುತ್ತಾನೆ. ಅಷ್ಟೇ. ನಾನು ಕುಕ್ಕರಿನ ಮೇಲೆ ಒಂದು ಜೋಕು ಹೊಡೆಯಲು ಬಾಯಿ ತೆರೆದಿದ್ದೆ. ಅವಳ ಮುಖ ನೋಡಿ ಮುಚ್ಚಿದೆ. ಅವಳ ಜೀವದ ಗೆಳತಿಯ ಮನೆಯವರು ಟೆಕ್ಸಸ್‌ಗೆ ಹೋದ ಮೇಲೆ, ತಿಂಗಳುಗಟ್ಟಲೆ ಈ ಹಾಡೇ ಅವಳ ಜೊತೆಗಿತ್ತಂತೆ. ನಮಗೆ ಗೊತ್ತೇ ಇರಲಿಲ್ಲ.

"ಇದನ್ನ ಮಾತ್ರ ಜೋಕ್ ಮಾಡಬೇಡ ಅಪ್ಪಾ. ಪ್ರಾಮಿಸ್?"

ಪ್ರಾಮಿಸ್ ಅಂದೆ. ಎಂಟು ತಿಂಗಳು ಉಳಿಸಿಕೊಂಡೆ. ನನ್ನ ಮಟ್ಟಿಗೆ ಅದು ದಾಖಲೆ.

೪. ಕ್ಯೋಟೋದ ಸಂತ

ನಮ್ಮ ಕಡೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದರೆ, ನೋಡಲು ಬಂದವರು ಒಂದು ಹಾಡು ಹೇಳಬೇಕು. ಹೇಳದವರಿಗೆ ಉಸಲಿ ಇಲ್ಲ. ಇಲ್ಲಿ ಪ್ರಿನ್ಸ್‌ಟನ್ ಕಡೆಯ ನಮ್ಮ ಭಜನೆ ಗುಂಪಿನ ಹಿರಿಯ ಆಂಟಿಯೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ, ಕೆಮಿಸ್ಟ್ರಿ ಓದಿ ಔಷಧಿ ಕಂಪನಿಯಲ್ಲಿ ದುಡಿದು ರಿಟೈರ್ ಆದವರು, ಅವರೆದುರು ಯಾರೂ ನೆಪ ಹೇಳುವಂತಿಲ್ಲ. ಹೋದ ವರ್ಷ ಅವರ ಮನೆಯಲ್ಲಿ ನನ್ನ ಸರದಿ ಬಂತು. ಮಗಳು ಅವತ್ತು ಬಂದಿರಲಿಲ್ಲ. ನನಗೆ ಬಾಯಿಗೆ ಬರುವುದು ಒಂದೇ ಹಾಡು.

ಕಣ್ಣು ಮುಚ್ಚಿ, ಕೈಜೋಡಿಸಿ, ಅದೇ ರಾಕ್ ಹಾಡನ್ನು ಎಳೆದೆಳೆದು ವಿಳಂಬದಲ್ಲಿ ಹಾಡಿದೆ. ನನಗೆ ನೆನಪಿರುವಂತೆ ಎಲ್ಲರೂ ಕಣ್ಣೊರೆಸಿಕೊಂಡರು. ಒಬ್ಬರೇ ಒರೆಸಿಕೊಂಡಿದ್ದು, ಅದೂ ಉಸಲಿಯ ಮೆಣಸಿನಕಾಯಿ ಸಿಕ್ಕಿ ಅನ್ನುತ್ತಾಳೆ ಹೆಂಡತಿ. ಯಾವ ಭಾಷೆ ಅಂತ ಆಂಟಿ ಕೇಳಿದರು. ಜಪಾನಿ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕ್ಯೋಟೋದ ಹಳೇ ದೇವಸ್ಥಾನದ ಹಾಡು, ಒಬ್ಬ ಸಂತ ಬರೆದದ್ದು, 'ದೇಹವೆಂಬ ಪಾತ್ರೆ ಬರಿದಾಗಿದೆ, ಬಂದು ತುಂಬು ತಂದೆ' ಅಂತ ಅರ್ಥ ಅಂದೆ. ಆಂಟಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಕನ್ನಡ ಅಕ್ಷರದಲ್ಲಿ ಬರೆಸಿಕೊಂಡರು, ಕೆಳಗೆ ಅರ್ಥವನ್ನೂ ಬರೆಸಿಕೊಂಡರು. ನನಗೆ ಎರಡು ಬಟ್ಟಲು ಉಸಲಿ ಕೊಟ್ಟರು.

೫. ಈ ವರ್ಷ

ಈ ವರ್ಷ ಆಂಟಿಯ ಮನೆಗೆ ಮಗಳೂ ಬಂದಳು. ಗೊಂಬೆಗಳ ಮುಂದೆ ರೇಷ್ಮೆ ಸೀರೆಯಲ್ಲಿ ಹನ್ನೊಂದು ಆಂಟಿಯರು, ಕೈಯಲ್ಲಿ ತಾಳ, ಮಡಿಲಲ್ಲಿ ಭಜನೆ ಪುಸ್ತಕ. ಅವರ ಬಾಯಿಂದ ನನ್ನ 'ಸಂತ'ನ ಹಾಡಿನ ಮೊದಲ ಸಾಲು ಕಿವಿಗೆ ಬಿದ್ದಾಗ ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ವರ್ಷವಿಡೀ ಪ್ರತಿ ಶನಿವಾರ ಅಭ್ಯಾಸ ಮಾಡಿದ್ದರಂತೆ. ಸಾಲದ್ದಕ್ಕೆ, ಉಚ್ಚಾರ ಪರೀಕ್ಷಿಸಲು ಆಂಟಿ ತಮ್ಮ ಪಕ್ಕದ ಮನೆಯ ಜಪಾನಿ ಹೆಂಗಸನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ಆಕೆ ಮೊದಲು ಕಿವಿ ನಿಮಿರಿಸಿದಳು. ಆಮೇಲೆ ಕರ್ಚೀಫು ಬಾಯಿಗೆ ಒತ್ತಿಕೊಂಡಳು. ಹೆಗಲು ಕುಲುಕುತ್ತಿತ್ತು. ಮಗಳು ಮಾತ್ರ ನಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ನೆಲ ನೋಡುತ್ತಾ ಕೂತಳು.

ಹಾಡು ಮುಗಿಯಿತು. ಕ್ಯೋಟೋ ದೇವಸ್ಥಾನದ ಹಾಡು ಅಂತ ಇವನು ಹೇಳಿದ, ಸರಿಯಾಗಿದೆಯಾ ಅಂತ ಆಂಟಿ ಜಪಾನಿ ಹೆಂಗಸನ್ನು ಇಂಗ್ಲಿಷಿನಲ್ಲಿ ಕೇಳಿದರು. ಆಕೆ ನನ್ನನ್ನು ನೋಡಿದಳು, ಆಂಟಿಯನ್ನು ನೋಡಿದಳು, ತುಂಬ ಯೋಚಿಸಿ, ಕ್ಯೋಟೋದಲ್ಲಿ ದೇವಸ್ಥಾನಗಳು ಬಹಳ ಇವೆ ಅಂದಳು.

ಎಂಥ ಮರ್ಯಾದಸ್ಥ ಹೆಂಗಸು. ನಾನು ಪಾರಾಗಬಹುದಿತ್ತು. ಆದರೆ ಮಗಳು ತಲೆ ಎತ್ತಲಿಲ್ಲ. "ಯು ಪ್ರಾಮಿಸ್ಡ್" ಅಂದಳು, ನನಗೊಬ್ಬನಿಗೇ ಕೇಳುವಷ್ಟು.

ನಿಂತುಕೊಂಡೆ. ಹನ್ನೊಂದು ಸೀರೆಗಳ ಮುಂದೆ ಎಲ್ಲ ಒಪ್ಪಿಕೊಂಡೆ. ಸಂತನಿಲ್ಲ, ರಾಕ್ ಹಾಡು, ಹುಡುಗಿ ಬಿಟ್ಟು ಹೋದ ಹುಡುಗ, ಬರಿದಾದದ್ದು ದೇಹವಲ್ಲ, ರೈಸ್ ಕುಕ್ಕರು. ಇದು ನನ್ನ ಮಗಳ ಹಾಡು, ನಾನು ಅದನ್ನು ಕದ್ದು ತಮಾಷೆ ಮಾಡಿದೆ ಅಂದೆ. ನನ್ನ ಜೀವನದಲ್ಲಿ ಒಂದು ಮಾತನ್ನೂ ಸೇರಿಸದೆ ಹೇಳಿದ ಕಥೆ ಅದೊಂದೇ.

ಆಂಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮಗಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ಆ ಹುಡುಗಿ ಕೊನೆಗೆ ವಾಪಸ್ ಬರ್ತಾಳೇನಮ್ಮ?"

"ನೋ ಆಂಟಿ. ಹೀ ಜಸ್ಟ್ ಕೀಪ್ಸ್ ಕಾಲಿಂಗ್."

ಆಂಟಿ ತಲೆಯಾಡಿಸಿದರು. ಭಜನೆ ಪುಸ್ತಕದಿಂದ ಆ ಹಾಳೆ ತೆಗೆದುಬಿಡೋಣವಾ ಅಂತ ಹಿಂದಿನಿಂದ ಯಾರೋ ಕೇಳಿದರು.

"ಹಾಡು ಇರಲಿ, ಇವನು ಬರೆದ ಅರ್ಥ ಮಾತ್ರ ಹೊಡೆದುಹಾಕಿ" ಅಂದರು ಆಂಟಿ. "ನಾವೂ ಮೂವತ್ತು ವರ್ಷದಿಂದ ಇದೇ ಹಾಲಲ್ಲಿ ಕೂತು ಬಾರೋ ಬಾರೋ ಅಂತ ಕರೀತಿದ್ದೀವಿ. ಅವನೂ ಬಂದಿಲ್ಲ."