ಮಡಚುವ ಫೋನಿನಲ್ಲಿ ಮಂತ್ರ

ದೇವರ ಕೆಲಸಕ್ಕೆ ಹೊರಟವನಿಗೆ ಎಡವಟ್ಟು ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ, ಅವರನ್ನು ಒಂದು ಶನಿವಾರ ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕು. ವಾರವಿಡೀ ನಾನು ಸ್ಯಾನ್ ಡಿಯಾಗೋದ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್. ಶನಿವಾರ, ಭಾನುವಾರ ಕರೆದವರ ಮನೆಗೆ ಹೋಗಿ ಪೂಜೆ ಮಾಡಿಸುತ್ತೇನೆ. ಅಪ್ಪ ಕಲಿಸಿದ ವಿದ್ಯೆ. ದಕ್ಷಿಣೆ ಮುಟ್ಟುವುದಿಲ್ಲ, ಊಟ ಬಿಡುವುದಿಲ್ಲ. ಸ್ವಾಮಿಯ ದಯೆಯಿಂದ ಒಂದು ಪೂಜೆಯೂ ಅರ್ಧಕ್ಕೆ ನಿಂತಿಲ್ಲ. ಆದರೆ ಪ್ರತಿ ಪೂಜೆಯಲ್ಲೂ ಎಲ್ಲೋ ಒಂದು ಕಡೆ ಎದೆ ಧಸಕ್ ಅನ್ನದೆ ಮಂಗಳಾರತಿ ಆದದ್ದೂ ಇಲ್ಲ. ಮಡಚುವ ಫೋನು ಕೊಂಡ ಮೇಲಂತೂ ಧಸಕ್ ಎನ್ನುವುದೇ ಪೂಜೆಯ ಒಂದು ಅಂಗವಾಗಿಬಿಟ್ಟಿತು.

ಬಿಲ್ಲು ದೇವರ ಮುಂದೆ

ಕೋವಿಡ್ ಸಮಯದಲ್ಲಿ ವಿಡಿಯೋದಲ್ಲೇ ಪೂಜೆ ಮಾಡಿಸಿ ಮಾಡಿಸಿ ನನಗೆ ಪುಸ್ತಕದ ಅಭ್ಯಾಸ ತಪ್ಪಿಹೋಗಿತ್ತು. ಮಾಮೂಲಿ ಫೋನಿನಲ್ಲಿ ಅಕ್ಷರ ಸಾಸಿವೆಯಷ್ಟು. ಟ್ಯಾಬ್ಲೆಟ್ ತಗೊಂಡರೆ ಅದನ್ನು ನಿಲ್ಲಿಸಲು ಒಬ್ಬರು ಬೇಕು. ಒಂದು ಸಲ ಅದು ಜಾರಿ ಪಂಚಾಮೃತದಲ್ಲಿ ಸ್ನಾನವನ್ನೂ ಮಾಡಿತ್ತು. ಆಗ ಕಣ್ಣಿಗೆ ಬಿದ್ದದ್ದು ಈ ಮಡಚುವ ಫೋನು.

"ಮಡಚಿಡೋಕೆ ಅದೇನು ಪಂಚೆನಾ?" ಅಂದಳು ನಮ್ಮನೆಯವಳು.

"ಮುಚ್ಚಿದರೆ ಫೋನು, ತೆರೆದರೆ ಪುಸ್ತಕ, ಅರ್ಧ ತೆರೆದು ನೆಲದ ಮೇಲಿಟ್ಟರೆ ವ್ಯಾಸಪೀಠ. ತಾನೇ ನಿಂತುಕೊಳ್ಳುತ್ತೆ ನೋಡು. ಅಕ್ಷರ ಅವರೆಕಾಳಿನಷ್ಟು ದಪ್ಪ. ಕನ್ನಡಕವೇ ಬೇಡ."

"ಅಪ್ಪಾ, ಇಟ್ಸ್ ಎ ಗಿಮಿಕ್," ಎಂದು ಸೋಫಾದಿಂದಲೇ ತೀರ್ಪು ಕೊಟ್ಟಳು ಮಗಳು.

ನಮ್ಮನೆಯವಳು ಒಂದು ಷರತ್ತು ಹಾಕಿದಳು. ಮುಂದಿನ ತಿಂಗಳು, ಕಾರಿನಲ್ಲಿ ಎರಡೂವರೆ ಗಂಟೆ ದಾರಿಯ ಬರ್ಬ್ಯಾಂಕಿನಲ್ಲಿ ಒಂದು ಗೃಹಪ್ರವೇಶ ಒಪ್ಪಿಕೊಂಡಿದ್ದೆ. ಮನೆ ಕೊಂಡವರು ಎಳೆಯ ದಂಪತಿ. ಅದಕ್ಕೂ ಮುಂಚೆ ಎರಡು ಮನೆ ಅವರ ಕೈಗೆ ಬಂದು ತಪ್ಪಿಹೋಗಿದ್ದವು. ಹುಡುಗಿಯ ತಾಯಿ ಧಾರವಾಡದಿಂದ ಬಂದಿದ್ದರು. ಎರಡೂ ಸಲ ಅವರಿಗೆ ಮೊದಲೇ ಅಪಶಕುನ ಕಂಡಿತ್ತಂತೆ. "ಅಂಕಲ್, ಅವತ್ತು ಅಮ್ಮನ ಕಣ್ಣಿಗೆ ಏನೂ ಕೆಟ್ಟದ್ದು ಬೀಳಬಾರದು. ಬಿದ್ದರೆ ಅವರು ನೆಮ್ಮದಿಯಾಗಿ ಊರಿಗೆ ಹೋಗಲ್ಲ, ನಾನು ನೆಮ್ಮದಿಯಾಗಿ ಆ ಮನೆಯಲ್ಲಿ ಮಲಗಲ್ಲ" ಎಂದು ಆ ಹುಡುಗಿ ಫೋನಿನಲ್ಲಿ ಅತ್ತುಬಿಟ್ಟಿದ್ದಳು.

"ಆ ಪೂಜೆ ಈ ಫೋನಿನಿಂದ ಸುಸೂತ್ರವಾಗಿ ಆದರೆ ಇಟ್ಕೊಳ್ಳಿ. ಒಂದು ಸಲ ಕೈಕೊಟ್ಟರೂ ಮಾರನೇ ದಿನವೇ ಅಂಗಡಿಗೆ ವಾಪಸ್," ಅಂದಳು ನಮ್ಮನೆಯವಳು.

ಒಪ್ಪಿದೆ. ಫೋನಿಗೆ ಹೂವಿಟ್ಟು ದೇವರ ಮುಂದಿಟ್ಟು, "ಸ್ವಾಮಿ, ಮಾನ ಕಾಪಾಡಪ್ಪ" ಅಂತ ಕಣ್ಣು ಮುಚ್ಚಿದೆ. ಹಿಂದಿನಿಂದ ನಮ್ಮನೆಯವಳ ದನಿ: "ಬಿಲ್ಲನ್ನೂ ಅಲ್ಲೇ ಇಡಿ. ದೇವರು ಅದನ್ನಾದರೂ ಕಾಪಾಡಲಿ."

ಬರಿದಾದ ಬೈತಲೆ

ಮೊದಲ ಪೂಜೆ ಸ್ಯಾನ್ ಡಿಯಾಗೋದಲ್ಲೇ, ಮೀರಾ ಮೆಸಾ ಬಡಾವಣೆಯಲ್ಲಿ, ಸತ್ಯನಾರಾಯಣ ವ್ರತ. ಫೋನು ವ್ಯಾಸಪೀಠದ ಹಾಗೆ ಠೀವಿಯಿಂದ ನಿಂತಿತ್ತು. ಒಂದು ಗೀರು ಬಿದ್ದರೂ ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ ಅನ್ನುವುದು ತಲೆಯಲ್ಲಿ ಕುಳಿತು, ನನ್ನ ಒಂದು ಕಣ್ಣು ದೇವರ ಮೇಲೆ, ಇನ್ನೊಂದು ಫೋನಿನ ಮೇಲೆ. ಕಥೆಯ ಮೂರನೇ ಅಧ್ಯಾಯ ಮುಗಿಸಿ ಕೈ ತೊಳೆಯಲು ಎದ್ದು ಹೋದೆ. ಬರುವಷ್ಟರಲ್ಲಿ ಮನೆಯ ಹಿರಿಯ ಆಂಟಿ ಫೋನಿಗೆ ಅರಿಸಿನ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು, ಸ್ಕ್ರೀನಿನ ನಟ್ಟನಡುವೆ ಮಡಚುವ ಗೆರೆಯ ಉದ್ದಕ್ಕೂ ಕುಂಕುಮ ತುಂಬುತ್ತಿದ್ದರು.

"ಆಂಟಿ!" ಅಂತ ನಾನು ಕೂಗಿದ ಕೂಗಿಗೆ ಅಡುಗೆಮನೆಯಲ್ಲಿ ಸಜ್ಜಿಗೆ ಕಲಕುತ್ತಿದ್ದವರೂ ಓಡಿಬಂದರು.

ಆಂಟಿ ಶಾಂತವಾಗಿ ತಲೆಯೆತ್ತಿದರು. "ಏನಾಯ್ತು? ಕಥೆ ಇರೋ ಪುಸ್ತಕ ಅಂದ್ರೆ ಸರಸ್ವತಿ ಅಲ್ವಾ? ನಡುವೆ ಚೆನ್ನಾಗಿ ಬೈತಲೆ ಬೇರೆ ಕಾಣಿಸ್ತಿದೆ. ಬರಿದಾಗಿ ಬಿಟ್ಟಿದ್ದೀರಲ್ಲ, ನಿಮ್ಮನೆಯಲ್ಲಿ ಹೆಂಗಸರಿಲ್ವಾ?"

ಉಳಿದ ಎರಡು ಅಧ್ಯಾಯವನ್ನು ಕೆಂಪು ಅಕ್ಷರಗಳಲ್ಲೇ ಓದಿದೆ. ಮನೆಗೆ ಬಂದು, ಉಸಿರು ಬಿಗಿಹಿಡಿದು, ಮಗಳ ಮೇಕಪ್ ಬ್ರಶ್‌ನಿಂದ ಗೆರೆಯಲ್ಲಿದ್ದ ಕುಂಕುಮ ಕೆದಕುತ್ತಾ ಕೂತೆ. ನಮ್ಮನೆಯವಳು ಬಗ್ಗಿ ನೋಡಿದಳು. "ವಾಪಸ್ ಕೊಡೋದಾದರೂ ಇನ್ನು ಹಾಗೇ ಕೊಡೋ ಹಾಗಿಲ್ಲ ರೀ. ಮುತ್ತೈದೆ. ಜೊತೆಗೊಂದು ಬ್ಲೌಸ್ ಪೀಸ್ ಇಟ್ಟು ಕಳಿಸಬೇಕು."

ಕಾವಲುಗಾರನ ಪ್ರಶ್ನೆ

ಆಫೀಸಿನ ಕೆಲಸದ ಮೇಲೆ ಎಲ್ ಸೆಗುಂಡೋದ ಒಂದು ಕಂಪನಿಗೆ ಹೋಗಬೇಕಾಯಿತು. ಅಲ್ಲಿ ಕಾವಲು ಬಿಗಿ. ಬಾಗಿಲಲ್ಲಿದ್ದ ಸೆಕ್ಯೂರಿಟಿಯವನು ಕೇಳಿದ, "ಫೋನಾ, ಟ್ಯಾಬ್ಲೆಟ್ಟಾ? ಫೋನು ಬಿಡ್ತೀವಿ, ಟ್ಯಾಬ್ಲೆಟ್ ಬಿಡಲ್ಲ."

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಮುಚ್ಚಿದರೆ ಫೋನು, ತೆರೆದರೆ ಟ್ಯಾಬ್ಲೆಟ್," ಅಂದೆ.

ಅವನು ಮೇಲಿನವನನ್ನು ಕರೆದ. ಮೇಲಿನವನು ಅವನ ಮೇಲಿನವನನ್ನು ಕರೆದ. ಒಳಗೆ ಮೀಟಿಂಗ್ ಶುರುವಾಗಿ, ನಮ್ಮ ಮ್ಯಾನೇಜರ್ ಮೆಸೇಜ್ ಮೇಲೆ ಮೆಸೇಜ್ ಹಾಕುತ್ತಿದ್ದಾರೆ. ಮೂವರೂ ಫೋನನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕೊನೆಗೆ ಮುಚ್ಚಿ, ಸುತ್ತಲೂ ಟೇಪು ಸುತ್ತಿ, ಮೇಲೊಂದು ಸೀಲು ಅಂಟಿಸಿ, "ಹೊರಗೆ ಹೋಗೋ ತನಕ ತೆರೆಯಬಾರದು" ಎಂದು ಕೈಗಿತ್ತರು.

ನಾನು ಒಳಗೆ ಹೆಜ್ಜೆ ಇಡುವಾಗ ಮೊದಲನೆಯವನಿಗೆ ತಡೆಯಲಾಗಲಿಲ್ಲ. "ಸರ್, ಒಂದು ಮಾತು. ಮುಚ್ಚೇ ಇಟ್ಕೊಳ್ಳೋದಾದ್ರೆ ಇದನ್ನ ಯಾತಕ್ಕೆ ಕೊಂಡ್ರಿ?"

"ಅದನ್ನೇ ಮನೇಲೂ ಕೇಳ್ತಿದ್ದಾರೆ," ಅಂದೆ.

ಪೂರ್ವ ಯಾವ ಕಡೆ?

ಬರ್ಬ್ಯಾಂಕಿನ ದಿನ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಮೀರಾ ಮೆಸಾದಲ್ಲೇ ಇನ್ನೊಂದು ಪೂಜೆ. ಕಲಶವನ್ನು ಪೂರ್ವಕ್ಕೆ ಮುಖಮಾಡಿ ಕೂರಿಸಬೇಕು. ಹೊರಗೆ ಜೂನ್ ತಿಂಗಳ ಬೆಳಗಿನ ಮೋಡ. ಸೂರ್ಯ ಎಲ್ಲಿದ್ದಾನೋ ಅವನಿಗೇ ಗೊತ್ತಿಲ್ಲ. ಜಂಬದಿಂದ ನನ್ನ ಫೋನಿನಲ್ಲಿ ದಿಕ್ಸೂಚಿ ತೆರೆದೆ. ಪೂರ್ವ ಅಡುಗೆಮನೆಯ ಕಡೆ ತೋರಿಸಿತು. ಯಜಮಾನರು ಇಬ್ಬರನ್ನು ಸೇರಿಸಿಕೊಂಡು, ನೀರು ತುಂಬಿದ ಕಲಶ, ಹೂವಿನ ಮಂಟಪದ ಸಮೇತ ಎತ್ತಿ ಆ ಕಡೆಗೆ ತಿರುಗಿಸಿದರು.

ಫೋನು ಮಡಚಿ ಇನ್ನೊಮ್ಮೆ ನೋಡಿದೆ. ಪೂರ್ವ ಬಚ್ಚಲುಮನೆಗೆ ಹೋಗಿತ್ತು.

ಮಡಚುವ ಫೋನಿನ ಎರಡು ಹಾಳೆ ಅಂಟಿಕೊಳ್ಳಲೆಂದು ಒಳಗೆ ಅಯಸ್ಕಾಂತ ಇಟ್ಟಿರುತ್ತಾರೆ. ದಿಕ್ಸೂಚಿಯ ತಲೆ ಕೆಡಿಸುವುದು ಅದೇ. ಇದು ಆಮೇಲೆ ಹೊಳೆದದ್ದು. ಆಗ ಮಾತ್ರ ಬೆವರು ಇಳಿಯುತ್ತಿತ್ತು. ಮಂಟಪ ಎತ್ತಿದವರ ಕೈ ನಡುಗುತ್ತಿದೆ, ಕಲಶದ ತೆಂಗಿನಕಾಯಿ ಅಲುಗಾಡುತ್ತಿದೆ. ಯಜಮಾನರ ಫೋನು ಮೂರನೆಯ ದಿಕ್ಕು ತೋರಿಸಿತು. "ಸ್ವಾಮಿ, ಕೂರಿಸೋದಾ, ಹಿಡ್ಕೊಂಡೇ ಇರೋದಾ?" ಅಂದರು ಅವರು ಹಲ್ಲು ಕಚ್ಚಿ.

ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಮೈಸೂರಿನ ಮುಸ್ಲಿಂ ಗೃಹಸ್ಥರು, ನನ್ನ ಹಳೆಯ ಸ್ನೇಹಿತರು. ಕಾರು ತೆಗೆಯಿರಿ ಎಂದು ಹೇಳಲು ಬಂದಿದ್ದರು. ನಮ್ಮ ಅವಸ್ಥೆ ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಈ ಮನೇನೂ ನಮ್ಮ ಮನೇನೂ ಒಂದೇ ಪ್ಲ್ಯಾನು. ನಾನು ದಿನಾ ನಮಾಜಿಗೆ ನಿಲ್ಲೋದು ಈ ಕಿಟಕಿ ಕಡೆಗೆ. ಇಲ್ಲಿಂದ ಕಿಬ್ಲಾ, ಅಂದ್ರೆ ನಮಾಜಿನ ದಿಕ್ಕು, ಉತ್ತರದಿಂದ ಚೂರು ಈಶಾನ್ಯಕ್ಕೆ. ಅಲ್ಲಿಂದ ಬಲಕ್ಕೆ ತಿರುಗಿ, ಇನ್ನೂ, ಇನ್ನೂ... ಹಾಂ, ಅದೇ ಪೂರ್ವ. ಇಳಿಸಿ ಪಾಪ, ಕೈ ಬಿದ್ದುಹೋಗುತ್ತೆ."

ಇಳಿಸಿದರು. ಹತ್ತು ಗಂಟೆಗೆ ಮೋಡ ಸರಿದು ಬಿಸಿಲು ಬಂತು, ನೇರ ಕಲಶದ ಮುಖಕ್ಕೇ. ನಾನು ಕೈಮುಗಿದೆ.

ಸ್ನೇಹಿತರು ಪ್ರಸಾದದ ಬಾಳೆಹಣ್ಣು ಸುಲಿಯುತ್ತಾ ಅಂದರು: "ನಿಮ್ಮ ದೇವರೂ ಫೋನ್ ಇಟ್ಕೊಂಡಿಲ್ಲ, ನಮ್ಮ ದೇವರೂ ಇಟ್ಕೊಂಡಿಲ್ಲ ಸ್ವಾಮಿ. ಅದಕ್ಕೇ ಇಬ್ಬರಿಗೂ ಇನ್ನೂ ದಿಕ್ಕು ತಪ್ಪಿಲ್ಲ."

ಬರ್ಬ್ಯಾಂಕಿನ ಗೋದಾವರಿ

ಕೊನೆಗೂ ಆ ದಿನ ಬಂತು. ನಮ್ಮನೆಯವಳೂ ಜೊತೆಗೆ ಹೊರಟಳು. ಫೋನಿನ ಪರೀಕ್ಷೆಗೆ ಸಾಕ್ಷಿ ಬೇಕಲ್ಲ. ದಾರಿಯಲ್ಲಿ ಟ್ರಾಫಿಕ್ಕು. ತಲುಪುವಷ್ಟರಲ್ಲಿ ಮುಹೂರ್ತಕ್ಕೆ ಉಳಿದದ್ದು ಕೈಕಾಲು ತೊಳೆಯುವಷ್ಟು ಸಮಯ. ಹುಡುಗಿ ಬಾಗಿಲಲ್ಲೇ ಕಣ್ಣಿನಲ್ಲಿ ನೀರಿಟ್ಟುಕೊಂಡು ನಿಂತಿದ್ದಳು. ಅವಳ ತಾಯಿಗೆ ಸಂಜೆಯೇ ವಿಮಾನ. ಅವರದು ದೊಡ್ಡ ಕುಂಕುಮ, ಇಳಕಲ್ ಸೀರೆ, ಹದ್ದಿನ ಕಣ್ಣು. ನನ್ನ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು ಕೂತರು.

"ಎಲ್ಲಾ ಸುಸೂತ್ರ ಆಗಬೇಕ್ರೀ ಸ್ವಾಮಿ. ಆ ಹಿಂದಿನ ಮನೀ ನೋಡಾಕ ಹೋದಾಗ ಇಕಿ ಕೈಯಾಗಿನ ಚಾದ ಕಪ್ಪು ಒಡದಿತ್ತು. ನಾ ಅವತ್ತs ಅಂದೆ, ಈ ಮನೀ ನಮಗ ದಕ್ಕೂದಿಲ್ಲ ಅಂತ."

"ಸ್ವಾಮಿ ಇದ್ದಾನೆ ತಾಯಿ," ಅಂದೆ. ಅಕ್ಷತೆ ಕಲಸುತ್ತಾ, ತಟ್ಟೆಗೆ ಜಾಗ ಮಾಡಲು ತೆರೆದಿದ್ದ ಫೋನನ್ನು ಒಂದು ಗಳಿಗೆ ಮಡಚಿದೆ.

ಕಟಕ್.

ಒಳಗೆ ಸಿಕ್ಕಿಕೊಂಡದ್ದು ಒಂದೇ ಒಂದು ಅಕ್ಕಿಕಾಳು. ತೆರೆದು ನೋಡಿದರೆ ಸ್ಕ್ರೀನಿನ ನಡುವೆ ಒಂದು ಹಸಿರು ಗೆರೆ. ಗಣಪತಿ ಪೂಜೆ ಮುಗಿಯುವಷ್ಟರಲ್ಲಿ ಬಲಗಡೆಯ ಅರ್ಧ ಕಪ್ಪಾಯಿತು. ಉಳಿದರ್ಧದಲ್ಲಿ ಸಾಲುಗಳ ಮೊದಲ ಎರಡೆರಡು ಪದ ಕಾಣುತ್ತಿತ್ತು. ಸಂಕಲ್ಪಕ್ಕೆ ದಂಪತಿ ಕೈಯಲ್ಲಿ ಅಕ್ಷತೆ, ನೀರು ಹಿಡಿದು ನನ್ನ ಮುಖ ನೋಡುವ ಹೊತ್ತಿಗೆ ಪೂರಾ ಕಪ್ಪು. ಹೊರಗಡೆಯ ಪುಟ್ಟ ಸ್ಕ್ರೀನು ಬದುಕಿತ್ತೇನೋ, ಆದರೆ ಅದು ಆ ಕಡೆ ತಿರುಗಿತ್ತು. ಕನ್ನಡಕ ಮನೆಯಲ್ಲಿ.

ಹೇಳುವುದು ಹೇಗೆ? ಹಾಲು ಉಕ್ಕುವ ಮೊದಲೇ ಪುರೋಹಿತನ ಮುಂದಿನ ದೀಪದಂಥ ವಸ್ತು ಆರಿಹೋಯಿತು ಅಂದರೆ ಆ ತಾಯಿ ಏನಂದುಕೊಂಡಾರು? ಆ ಹುಡುಗಿಯ ಗತಿ? "ಅಪ್ಪಾ ಸ್ವಾಮಿ, ನನ್ನ ಮರ್ಯಾದೆ ಹೋಗಲಿ, ಈ ಮಗುವಿನ ನೆಮ್ಮದಿ ಉಳಿಸು" ಅಂತ ಮನಸ್ಸಿನಲ್ಲೇ ಕಾಲು ಹಿಡಿದು ಬಾಯಿ ತೆರೆದೆ. ಚಿಕ್ಕಂದಿನಲ್ಲಿ ಅಪ್ಪ ಬಾಯಿಪಾಠ ಮಾಡಿಸಿದ್ದು ತಾನಾಗಿ ಹೊರಟಿತು. ನಡುನಡುವೆ ಅನುಮಾನ ಬಾರದಿರಲೆಂದು ಕಪ್ಪು ಗಾಜಿನ ಮೇಲೆ ಬೆರಳಾಡಿಸಿ ಪುಟ ತಿರುಗಿಸಿದೆ.

ಒಂದೇ ತೊಂದರೆ. ಅಮೆರಿಕದ ಸಂಕಲ್ಪದಲ್ಲಿ ದ್ವೀಪ, ನದಿ, ಊರು ಎಲ್ಲ ಬೇರೆ. ಅದನ್ನು ನಾನು ಯಾವಾಗಲೂ ನೋಡಿಕೊಂಡೇ ಹೇಳುವುದು. ಬಾಯಿಗೆ ಬಂದದ್ದು ಅಪ್ಪನ ಪಾಠ: "ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ..."

ಹುಡುಗಿಯ ಗಂಡ ಬೆಂಗಳೂರಿನವನು, ಸಿನಿಮಾ ಸ್ಟುಡಿಯೋದಲ್ಲಿ ಕೆಲಸ. ಬಗ್ಗಿ ನನ್ನ ಕಿವಿಯಲ್ಲಿ ಉಸುರಿದ, "ಅಂಕಲ್, ಗೋದಾವರಿನಾ? ನಮ್ಮ ಮನೆ ಹಿಂದೆ ಇರೋದು ಕಾಂಕ್ರೀಟ್ ಕಾಲುವೆ."

"ಸದ್ಯಕ್ಕೆ ಗೋದಾವರಿ. ಅಕ್ಷತೆ ಬಿಡಪ್ಪ," ಎಂದು ನಾನೂ ಉಸುರಿದೆ.

ಆಮೇಲೆ ನಿಲ್ಲಲಿಲ್ಲ. ಪುಣ್ಯಾಹ, ನವಗ್ರಹ, ವಾಸ್ತು. ಎಲ್ಲಿ ತಡವರಿಸಿದೆನೋ ಅಲ್ಲಿ ಗಂಟೆ ಜೋರಾಗಿ ಬಾರಿಸಿದೆ. ಆಚೆ ಕೂತ ನಮ್ಮನೆಯವಳಿಗೆ ಮಾತ್ರ ಎಲ್ಲ ಅರ್ಥವಾಗಿ, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹಾಲು ಮೂಡಣ ದಿಕ್ಕಿಗೇ ಉಕ್ಕಿತು. ಹುಡುಗಿ ನಕ್ಕಳು. ಮುಹೂರ್ತ ಮೀರದೆ ಮಂಗಳಾರತಿ ಆಯಿತು.

ದೇವರ ಮುಂದೆ ಇಷ್ಟು ಹೊತ್ತು ನಾಟಕ ಆಡಿದ್ದು ನನ್ನ ಮನಸ್ಸಿಗೆ ಚುಚ್ಚುತ್ತಿತ್ತು. ಹಾಲಂತೂ ಉಕ್ಕಿದೆ, ಇನ್ನು ನಿಜ ಹೇಳಿಬಿಡೋಣ ಅಂತ ಆ ತಾಯಿಯ ಕಡೆ ತಿರುಗಿದೆ. "ಅಮ್ಮಾ, ತಪ್ಪು ತಿಳೀಬೇಡಿ. ಈ ಫೋನು..."

"ನಾ ಎಲ್ಲಾ ನೋಡೇನ್ರಿ," ಅಂದರು ಅವರು, ನನ್ನನ್ನೇ ದಿಟ್ಟಿಸಿ. "ಬಾಜೂಕs ಕೂತಿದ್ದೆ. ಸಂಕಲ್ಪದಿಂದ ಹಿಡದು ಆರತೀ ತನಕ ಅದರಾಗ ಏನೂ ಕಾಣಲಿಲ್ಲ. ಪೂರಾ ಕಪ್ಪು."

ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳ ಗಂಡ ಹಾಲಿನ ಲೋಟ ಹಾಗೇ ಹಿಡಿದು ನಿಂತ.

"ನನ್ನ ಆಯುಷ್ಯದಾಗ ಇಂಥಾ ಮಡಿ ಕಂಡಿಲ್ಲ ನೋಡ್ರಿ!" ಅಂದರು ತಾಯಿ, ಎರಡೂ ಕೈ ಜೋಡಿಸಿ. "ಮಂತ್ರ ಕಂಡಕಂಡವರ ಕಣ್ಣಿಗೆ ಬೀಳಬಾರದು ಅಂತ, ಓದೋರಿಗೆ ಅಷ್ಟs ಕಾಣೋ ಹಂಗ ಮಾಡ್ಯಾರಲ್ಲ! ಅಳಿಯಂದ್ರs, ಜಪಕ್ಕ ನನಗೂ ಇಂಥಾದ್ದs ಒಂದು ಕೊಡಸ್ರಿ. ಬೆಳಕ ಬಾರದ್ದs ಬೇಕು ಮತ್ತ, ನೋಡಿ ತಗೋರಿ."

ನಾನು ಬಾಯಿ ತೆರೆಯುವುದರೊಳಗೆ ನಮ್ಮನೆಯವಳು ಫೋನನ್ನು ಮಡಚಿ, ಎಲೆ ಅಡಿಕೆ ಸಮೇತ ಅವರ ಕೈಯಲ್ಲಿಟ್ಟಾಗಿತ್ತು.

"ಕೊಳ್ಳೋದು ಯಾಕಮ್ಮ, ಇದನ್ನೇ ತಗೊಂಡು ಹೋಗಿ. ಬೆಳಕು ಬರುತ್ತೆ ಅನ್ನೋ ಭಯವೇ ಬೇಡ."