‘ಅಂಬ್ರ್’ಗೆ ಆಧಾರ ಏನು?

ಎಲ್ಲ ಅನಾಹುತಕ್ಕೂ ಕಾರಣ ‘ಅಂಬ್ರ್’ ಎಂಬ ಒಂದು ಪುಟ್ಟ ಪದ. ಕುಂದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ‘ಹಾಗಂತ ಹೇಳುತ್ತಾರೆ’ ಎಂದು ಅರ್ಥ. ಯಾರು ಹೇಳುತ್ತಾರೆ, ಯಾವಾಗ ಹೇಳಿದರು ಎಂದು ಮಾತ್ರ ಕೇಳಬಾರದು. ಬಂಗ್ಡೆ ಅಗ್ಗ ಅಂಬ್ರ್, ಬಸ್ಸಿಲ್ಲ ಅಂಬ್ರ್, ಅವರ ಮನೆಯಲ್ಲಿ ಗಲಾಟೆ ಅಂಬ್ರ್. ಇಷ್ಟು ಸಾಕು, ಊರು ನಡೆಯುತ್ತದೆ.

ಇಂಥ ಊರಿನಲ್ಲಿ ಹುಟ್ಟಿಯೂ ರತ್ನಾಕರನಿಗೆ ಆ ಪದ ಕಂಡರಾಗದು. ಬೈಂದೂರಿನ ಕಾಲೇಜೊಂದರಲ್ಲಿ ಅವನು ಕನ್ನಡದ ಅತಿಥಿ ಉಪನ್ಯಾಸಕ. ಪ್ರಬಂಧವೆಂದರೆ ಪ್ರತಿ ಮಾತಿಗೂ ಅಡಿಟಿಪ್ಪಣಿ ಇರಬೇಕು, ಲೇಖಕರ ಹೆಸರು, ಊರು, ವರ್ಷ, ಪುಟ ಎಲ್ಲ ಕ್ರಮವಾಗಿ ಬರಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಕೆಂಪು ಶಾಯಿಯಲ್ಲಿ ‘ಆಧಾರ?’ ಎಂದು ಗೀಚುತ್ತಿದ್ದ. ಮಕ್ಕಳು ಅವನಿಗೆ ಆಧಾರ್ ಕಾರ್ಡ್ ಎಂದೇ ಹೆಸರಿಟ್ಟಿದ್ದರು.

ಆ ಬೆಳಿಗ್ಗೆ ಅವನ ಕೈಗೆ ಬಂದದ್ದು ತ್ರಾಸಿಯ ಧನ್ಯಶ್ರೀ ಬರೆದ ‘ನಮ್ಮೂರ ಮಾತು’ ಎಂಬ ಪ್ರಬಂಧ. ಹುಡುಗಿ ‘ಅಂಬ್ರ್’ ಪದಕ್ಕೊಂದು ಉದಾಹರಣೆ ಕೊಟ್ಟಿದ್ದಳು: ‘ಬ್ರಹ್ಮಾವರದ ಲೈಬ್ರರಿ ಸುಗುಣಕ್ಕಂಗೆ ಗಂಡ್ ಗೊತ್ತಾಯ್ತ್ ಅಂಬ್ರ್.’

ರತ್ನಾಕರನ ಕೈಯಿಂದ ಪೆನ್ನು ಜಾರಿ ಮೇಜಿನ ಕೆಳಗೆ ಉರುಳಿತು.

ಸುಗುಣ ಎಂ.ಎ.ಯಲ್ಲಿ ಅವನ ಜೊತೆ ಓದಿದವಳು. ಈಗ ಬ್ರಹ್ಮಾವರದಲ್ಲಿ ಕಾಲೇಜಿನ ಗ್ರಂಥಪಾಲಕಿ. ಬೈಂದೂರಿನಲ್ಲೇ ಸಿಗುವ ಪುಸ್ತಕಗಳನ್ನೂ ಇವನು ಅಲ್ಲಿಂದಲೇ ತರುತ್ತಿದ್ದ. ತಂದರೆ ತಾನೇ ಹಿಂತಿರುಗಿಸಲು ಹೋಗಬಹುದು! ಪುಸ್ತಕ ಕೊಡುವ ಮೊದಲು ಅವಳು ಅದರ ಮೇಲಿನ ಧೂಳನ್ನು ಉಫ್ ಎಂದು ಊದುವ ರೀತಿ ಇವನಿಗೆ ಬಸ್ಸಿನಲ್ಲಿ, ಊಟದಲ್ಲಿ, ಪಾಠದ ನಡುವೆ ನೆನಪಾಗುತ್ತಿತ್ತು. ಇವತ್ತು ಹೇಳಿಯೇ ಬಿಡಬೇಕೆಂದು ಹೊರಟವನು ಪ್ರತಿ ಸಲವೂ ಇನ್ನೊಂದು ಪುಸ್ತಕ ಹಿಡಿದುಕೊಂಡು ವಾಪಸು ಬರುತ್ತಿದ್ದ. ಅಂಥವಳಿಗೆ ಗಂಡು ಗೊತ್ತಾಗಿದೆಯೆಂದರೆ!

ಧನ್ಯಶ್ರೀಯನ್ನು ಕರೆಸಿದ. “ಈ ವಾಕ್ಯಕ್ಕೆ ಆಧಾರ ಎಂತ?”

“ಅದ್ ಉದಾಹರಣೆ ಸರ್. ನಂಗೆ ವನಜ ಚಿಕ್ಕಮ್ಮ ಹೇಳದ್,” ಎಂದು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವುದೇಕೆಂದು ಅವನಿಗೆ ತಿಳಿಯಲಿಲ್ಲ.

“ಅದು ಬರೇ ಎರಡನೇ ಕೈಯ ಆಕರ. ಮೂಲಕ್ಕೆ ಹೋಗಬೇಕು,” ಎಂದವನು ಅರ್ಧ ದಿನ ರಜೆ ಹಾಕಿ, ಹಿಂತಿರುಗಿಸಬೇಕಿದ್ದ ಲೈಬ್ರರಿ ಪುಸ್ತಕವನ್ನು ಬಗಲಿಗಿಟ್ಟುಕೊಂಡು ಕುಂದಾಪುರದ ಬಸ್ಸು ಹತ್ತಿದ.

“ಹ್ವಾಯ್ ಮಾಸ್ಟ್ರೆ, ಕೊನಿಗೂ ಬ್ರಹ್ಮಾವರಕ್ಕಾ?” ಎಂದು ಕಂಡಕ್ಟರ್ ಸೂರ ಕಣ್ಣು ಮಿಟುಕಿಸಿದ. ರತ್ನಾಕರ ಕಿಟಕಿಯಿಂದಾಚೆ ನೋಡಿದ. ತ್ರಾಸಿಯ ಕಡಲು ಪಕ್ಕದಲ್ಲೇ ಓಡಿಬರುತ್ತಿತ್ತು. ಈ ಸುದ್ದಿಗೆ ಆಧಾರ ಸಿಗದೇ ಹೋಗಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಆಧಾರವಿಲ್ಲದ್ದೆಲ್ಲ ಸುಳ್ಳು ಎಂಬುದು ಅವನ ಪಾಠ. ಅವತ್ತು ಅದೇ ಅವನ ಪ್ರಾರ್ಥನೆಯೂ ಆಯಿತು.

ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಧನ್ಯಶ್ರೀಯ ಚಿಕ್ಕಮ್ಮ ವನಜ ಬಂಗ್ಡೆ ಕೊಯ್ಯುತ್ತಿದ್ದಳು. ಇವನನ್ನು ಕಂಡದ್ದೇ ಮುಖವೆಲ್ಲ ಅರಳಿತು. “ಬನ್ನಿ ಮಾಸ್ಟ್ರೆ, ಬನ್ನಿ! ಬರೀ ಕೈಯಂಗೆ ಬಂದದ್ದಾ? ಸಿಹಿ ಎಲ್ಲಿ?”

“ವನಜಕ್ಕ, ಸುಗುಣಂಗೆ ಗಂಡ್ ಗೊತ್ತಾಯ್ತ್ ಅಂದೇಳಿ ನೀವ್ ಹೇಳದ್ದಾ?”

“ಹೌದ್. ಊರಿಗೇ ಗೊತ್ತಿತ್ತಲೆ! ನಂಗೆ ಜೆರಾಕ್ಸ್ ಅಂಗಡಿ ಚಂದ್ರ ಹೇಳ್ದ.”

“ಗಂಡ್ ಯಾರ್?”

ವನಜ ಸೆರಗು ಬಾಯಿಗಿಟ್ಟು ನಕ್ಕಳು. “ಏ ಕಾಣಿನೇ, ಗಂಡ್ ಯಾರ್ ಅಂತ ಮಾಸ್ಟ್ರ್ ನಮ್ಮತ್ರ ಕೇಂತ್ರ್!” ಸಾಲಿನವರೆಲ್ಲ ಗೊಳ್ಳೆಂದರು.

ತನ್ನ ಆಸೆ ಇವರಿಗೆಲ್ಲ ಗೊತ್ತಾಗಿ ಗೇಲಿ ಮಾಡುತ್ತಿದ್ದಾರೆಂದುಕೊಂಡ ರತ್ನಾಕರನಿಗೆ ಮೈಯೆಲ್ಲ ಉರಿದುಹೋಯಿತು. “ಇದೆಲ್ಲ ಶುದ್ಧ ಸುಳ್ಳ್! ಆ ಮದಿ ಆಪುದೇ ಇಲ್ಲ!” ಎಂದು ಮದುವೆಯನ್ನೇ ಅಲ್ಲಗಳೆದ.

ವನಜಳ ಕತ್ತಿ ನಿಂತಿತು. “ಸುಳ್ಳಾ? ಈ ಮಾತ್ ನೀವೇ ಹೇಳ್ತ್ರ್ಯಾ?”

“ನಾನೇ ಹೇಳ್ತೆ. ಬೇಕಾರೆ ಬರ್ದ್ ಕೊಡ್ತೆ.”

“ಪಾಪ, ಆ ಹೆಣ್ಣ್,” ಎಂದು ವನಜ ಕೈ ತೊಳೆದು ಫೋನಿಗೆ ಕೈ ಹಾಕಿದಳು. ಆಮೇಲೆ ಪೊಟ್ಟಣವೊಂದನ್ನು ಅವನತ್ತ ದೂಡಿದಳು. “ಖುಷಿ ಅಂದೇಳಿ ಕಟ್ಟಿದ್ ಬಂಗ್ಡೆ. ತಕಂಡ್ ಹೋಯ್ನಿ.”

ಬಂಗ್ಡೆ ಹಿಡಿದುಕೊಂಡೇ ಅವನು ಚಂದ್ರನ ಅಂಗಡಿಗೆ ಓಡಿದ. ಚಂದ್ರ ಸುಗುಣಳ ದೊಡ್ಡಮ್ಮನ ಮಗ. ರತ್ನಾಕರನ ಪ್ರಬಂಧಗಳನ್ನೆಲ್ಲ ಟೈಪು ಮಾಡುವವನೂ ಅವನೇ.

“ಬನ್ನಿ ಭಾವ!” ಎಂದ ಚಂದ್ರ. ಕುಂದಾಪುರದಲ್ಲಿ ಮಾತು ಮಾತಿಗೆ ಎಲ್ಲರೂ ಭಾವಂದಿರೇ ಎಂದು ರತ್ನಾಕರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಸುಗುಣನ ಮದಿ ಸುದ್ದಿಗೆ ಆಧಾರ ಎಂತ ಚಂದ್ರ?”

“ಆಧಾರವಾ? ಎಲ್ಲಾ ಅಚ್ಚಿಗೇ ಹೋಯ್ತಲೆ ಮಾರಾಯ್ರೆ! ನಾನೇ ಕಣ್ಣಾರೆ ಕಂಡಿದೆ.”

ಮದುವೆ ಕಾಗದ ಅಚ್ಚಿಗೂ ಹೋಯಿತೇ! ರತ್ನಾಕರ ದನಿ ಏರಿಸಿದ. ಜೆರಾಕ್ಸಿಗೆ ಸಾಲು ನಿಂತವರೆಲ್ಲ ಇವನನ್ನೇ ನೋಡುತ್ತಿದ್ದರು. “ಅಚ್ಚಾದದ್ದೆಲ್ಲ ಸತ್ಯ ಅಲ್ಲ! ಈ ಮದಿಗೆ ಬುಡವೇ ಇಲ್ಲ. ಇದನ್ನ ನಾನ್ ಒಪ್ಪುದಿಲ್ಲ!”

ಚಂದ್ರನ ಮುಖ ಕಪ್ಪಿಟ್ಟಿತು. “ಒಪ್ಪುದಿಲ್ಲ ಅಂದ್ರೆ ಸಾಕಿತ್ತ್. ಹೀಂಗೆ ನಾಕ್ ಜನರ ಎದ್ರ್ ಹೇಳ್ಕಿತ್ತಾ? ಹೋಯ್ನಿ, ಅವ್ಳಿಗೇ ಹೇಳಿ,” ಎಂದು ಬೆನ್ನು ತಿರುಗಿಸಿದ.

ಬ್ರಹ್ಮಾವರದ ಬಸ್ಸು ಕುಂಭಾಶಿ ದಾಟುವಾಗ ಆನೆಗುಡ್ಡೆಯ ದೇವಸ್ಥಾನದ ಕಡೆಗೆ ತಿರುಗಿ ಕೈಮುಗಿದ. ಮುಗಿದ ಕೈ ಬಂಗ್ಡೆ ನಾರುತ್ತಿತ್ತು.

ಲೈಬ್ರರಿಯಲ್ಲಿ ಯಾರೂ ಇರಲಿಲ್ಲ. ಸುಗುಣಳ ಕಣ್ಣು ಕೆಂಪಾಗಿತ್ತು. ಇವನಿಗೆ ಕೂರಲೂ ಹೇಳದೆ ಕೇಳಿದಳು. “ಆಧಾರ ಸಿಕ್ತಾ?”

“ಗಂಡ್ ಯಾರ್ ಸುಗುಣ?”

“ಹೋದ ತಿಂಗ್ಳ್ ಚಂದ್ರಣ್ಣನ ಹತ್ರ ಒಂದ್ ಪ್ರಬಂಧ ಟೈಪ್ ಮಾಡ್ಸಿದ್ರಿ ಅಲ್ದಾ? ಕಡೆಯಲ್ಲಿ ಎಂತ ಬರ್ದಿದ್ರಿ?”

ಅವನಿಗೆ ನೆನಪಾಯಿತು.

ಎಂ.ಎ. ಓದುವಾಗ ಇಬ್ಬರೂ ಸೇರಿ ಕುಂದಾಪುರದ ಮಾತುಗಳದ್ದೊಂದು ಪುಸ್ತಕ ಮಾಡುವುದೆಂದು ಮಾತಾಗಿತ್ತು. ಒಂದು ಪುಟವೂ ಆಗಲಿಲ್ಲ. ಆದರೆ ಹೋದ ತಿಂಗಳು ಆಕರಗಳ ಪಟ್ಟಿ ಬರೆಯುವಾಗ ಆಸೆ ತಡೆಯಲಾಗಲಿಲ್ಲ. ತನ್ನ ಹೆಸರಿನ ಪಕ್ಕ ಅವಳ ಹೆಸರನ್ನು ಒಮ್ಮೆಯಾದರೂ ಅಚ್ಚಿನಲ್ಲಿ ನೋಡಬೇಕೆಂದು ಇಲ್ಲದ ಪುಸ್ತಕವನ್ನು ಅದರಲ್ಲಿ ಸೇರಿಸಿಬಿಟ್ಟಿದ್ದ. ಪುಸ್ತಕವೇ ಇಲ್ಲದ್ದರಿಂದ ಅದಕ್ಕೊಂದು ಹೆಸರೂ ಇರಲಿಲ್ಲ. ಹಾಗಾಗಿ ಉಳಿದದ್ದು ಇಷ್ಟು: ‘ರತ್ನಾಕರ ಮತ್ತು ಸುಗುಣ, ಬ್ರಹ್ಮಾವರ, ಮೇ ೨೦೨೬, ಅಚ್ಚಿನಲ್ಲಿ.’ ಜನ್ಮದಲ್ಲಿ ಅವನು ಆಧಾರವಿಲ್ಲದೆ ಬರೆದದ್ದು ಅದೊಂದೇ ಸಾಲು.

“ಮದಿ ಕಾಗ್ದ ಅಚ್ಚಿಗ್ ಹೋಯ್ತ್ ಅಂದೇಳಿ ಚಂದ್ರಣ್ಣ ತಿಳ್ಕಂಡ. ಊರಿಗೆಲ್ಲ ಹೇಳ್ದ,” ಎಂದಳು ಸುಗುಣ. “ಅಮ್ಮ ಕೇಂಡ್ರ್. ನಾನ್ ಅಲ್ಲ ಅಂತ ಹೇಳ್ಲಿಲ್ಲ. ಹೌದಾಯ್ಲಿ ಅಂತಿತ್ತ್ ನಂಗೆ.”

ಇಷ್ಟು ವರ್ಷ ಅವನು ಹಂಬಲಿಸಿದ್ದು ಈ ಮಾತಿಗೇ. ಈಗ ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಹೆದರಿದ ನಾಲಿಗೆ ತನಗೆ ಅಭ್ಯಾಸವಿದ್ದ ದಾರಿಯನ್ನೇ ಹಿಡಿಯಿತು. “ಅದ್... ಇಬ್ರ್ ಲೇಖಕರಿದ್ರೆ ನಡುವೆ ‘ಮತ್ತು’ ಬರೂದ್ ಕ್ರಮ. ಊರು, ವರ್ಷ ಆಮೇಲೆ...”

ಸುಗುಣ ಅವನನ್ನೇ ನೋಡಿದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು.

“ಹ್ಞೂಂ ಅಮ್ಮ. ವನಜಕ್ಕ ಹೇಳದ್ದ್ ಸಮವೇ. ಮಾಸ್ಟ್ರ ಬಾಯಿಂದ್ಲೇ ಕೇಂಡೆ. ಬಾರ್ಕೂರಿನವ್ರಿಗೆ ಹೆಣ್ಣ್ ಕಾಂಬುಕ್ ಬಪ್ಪುಕ್ ಹೇಳ್.”

ಫೋನಿಟ್ಟು, ಅವನ ಬಗಲಲ್ಲಿದ್ದ ಪುಸ್ತಕ ತೆಗೆದುಕೊಂಡು ‘ಹಿಂತಿರುಗಿಸಲಾಗಿದೆ’ ಎಂದು ಮೊಹರು ಒತ್ತಿದಳು. ಬೇರೆ ಪುಸ್ತಕ ಬೇಕೇ ಎಂದು ಕೇಳಲಿಲ್ಲ. ಅವನೂ ಕೇಳಲಿಲ್ಲ.

ಸಂಜೆಯ ಬಸ್ಸಿನಲ್ಲಿ ಸೂರನೇ ಕಂಡಕ್ಟರ್. ತ್ರಾಸಿ ಹತ್ತಿರ ಬರುವಾಗ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದ.

“ಮಾಸ್ಟ್ರೆ, ಸುಗುಣಂಗೆ ಬಾರ್ಕೂರಲ್ಲಿ ಗಂಡ್ ಗೊತ್ತಾಯ್ತ್ ಅಂಬ್ರ್. ಹೌದಾ?”

ರತ್ನಾಕರ ಕಿಟಕಿಯಾಚೆಯ ಕಡಲನ್ನೇ ನೋಡುತ್ತ, ಮಡಿಲಲ್ಲಿದ್ದ ಬಂಗ್ಡೆಯ ಪೊಟ್ಟಣವನ್ನು ಸರಿಯಾಗಿ ಹಿಡಿದುಕೊಂಡ.

“ಹೌದಂಬ್ರ್,” ಎಂದ.